ಆ್ಯಪ್, ಕಾರ್ಯಾಗಾರ, ದಿನಚರಿ, ಕಥೆ: ಅಪ್ಪ ಹೋದ ಮೇಲೆ ನಾನು ಬರೆದು ನೋಡಿದ ನಾಲ್ಕು ದಾರಿಗಳು

ಮೊದಲೇ ಹೇಳಿಬಿಡುತ್ತೇನೆ: ಎಪ್ಪತ್ತು ರೂಪಾಯಿಯ, ಇನ್ನೂರು ಪುಟದ, ಗೆರೆ ಹಾಕಿದ ಲಾಂಗ್ ನೋಟ್‌ಬುಕ್ಕೇ ನನ್ನ ಆಯ್ಕೆ. ಅದರಲ್ಲಿ ನಾನು ಬರೆಯುವುದು ದಿನಚರಿಯನ್ನಲ್ಲ, ಕಥೆಯನ್ನು. ಅದೂ ‘ನಾನು’ ಎಂದಲ್ಲ, ‘ಅವನು’ ಎಂದು. ಇಲ್ಲಿಗೆ ಬಂದು ನಿಲ್ಲುವ ಮುನ್ನ 1,499 ರೂಪಾಯಿಯ ಒಂದು ಆ್ಯಪ್, 3,500 ರೂಪಾಯಿಯ ಒಂದು ಆನ್‌ಲೈನ್ ಕಾರ್ಯಾಗಾರ ಮತ್ತು ಖರ್ಚೇ ಇಲ್ಲದ ನಾಲ್ಕು ದಿನಗಳ ಒಂದು ಪದ್ಧತಿ, ಮೂರನ್ನೂ ಮಾಡಿ ನೋಡಿದೆ.

ಅಪ್ಪ ತೀರಿಕೊಂಡಾಗ ಅತ್ತವರಲ್ಲಿ ನಾನಿರಲಿಲ್ಲ. ಹಿರಿಯ ಮಗ. ಶಿವಮೊಗ್ಗದ ಆಸ್ಪತ್ರೆಯಿಂದ ಚನ್ನಗಿರಿ ಕಡೆಯ ನಮ್ಮ ಊರಿಗೆ ಕರೆತಂದ ಆಂಬುಲೆನ್ಸ್‌ನಿಂದ ಹಿಡಿದು ಸೌದೆ, ಶಾಮಿಯಾನ, ತಿಥಿಯ ಅಡುಗೆಯವರವರೆಗೆ ಎಲ್ಲರ ಲೆಕ್ಕವೂ ನನ್ನ ಜೇಬಿನ ಚೀಟಿಯಲ್ಲಿತ್ತು. ‘ನೀನೇ ಹೀಗೆ ಕುಳಿತರೆ ಅಮ್ಮನನ್ನು ಯಾರು ನೋಡಿಕೊಳ್ಳಬೇಕಪ್ಪ?’ ಎಂದರು ಚಿಕ್ಕಪ್ಪ. ಅವರ ಕಣ್ಣೂ ಒಣಗಿಯೇ ಇತ್ತು. ಮೂರು ತಿಂಗಳು ಕಳೆದ ಮೇಲೆ, ಮಗಳು ಶಾಲೆಯಲ್ಲಿ ಜಾಮಿಟ್ರಿ ಬಾಕ್ಸ್ ಕಳೆದುಕೊಂಡು ಬಂದ ಸಂಜೆ, ಬೀದಿಗೆ ಕೇಳುವಷ್ಟು ಜೋರಾಗಿ ಕೂಗಾಡಿದೆ. ಅವಳು ಹೆದರಿ ಬಾಗಿಲ ಹಿಂದೆ ನಿಂತಳು. ಆ ವಾರ ನನ್ನ ರಕ್ತದೊತ್ತಡ ನೋಡಿದ ವೈದ್ಯರು ‘ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತನಾಡುತ್ತೀರಾ?’ ಎಂದು ಕೇಳಿದರು. ಇಲ್ಲ ಎಂದೆ. ‘ಹಾಗಾದರೆ ಬರೆಯಿರಿ’ ಎಂದರು.

ಆ್ಯಪ್ ಕೊಂಡದ್ದು ಅದೇ ರಾತ್ರಿ. ಬಣ್ಣ, ಸಂಗೀತ, ಬೀಗ, ಎಲ್ಲವೂ ಇತ್ತು. ಅವುಗಳ ಬಗ್ಗೆ ನನ್ನ ದೂರಿಲ್ಲ. ನನ್ನನ್ನು ಸೋಲಿಸಿದ್ದು ಕನ್ನಡದ ಟೈಪಿಂಗ್.

ದುಃಖ ಗಂಟಲಿಗೆ ಬಂದ ಹೊತ್ತಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವುದೆಂದರೆ ಏನೆಂದು ಆ ರಾತ್ರಿಯವರೆಗೂ ನನಗೆ ಗೊತ್ತಿರಲಿಲ್ಲ. ಕಚೇರಿಯ ಸಂದೇಶಗಳನ್ನು ಹಾಗೆಯೇ ಬರೆಯುತ್ತೇನೆ, ತೊಂದರೆಯಾಗಿಲ್ಲ. ಆದರೆ ‘ಅಪ್ಪ’ ಎಂದು ಬರೆಯಲು ಹೋದಾಗ ಕೀಲಿಮಣೆ ನನ್ನ ಮುಂದೆ ನಾಲ್ಕು ಪದಗಳನ್ನಿಟ್ಟು ಯಾವುದು ಬೇಕು ಎಂದು ಕೇಳಿತು. ‘ಅಪ್ಪ’ನನ್ನು ಪಟ್ಟಿಯಿಂದ ಆರಿಸಿಕೊಳ್ಳಬೇಕಾಯಿತು. ಒಂದು ಒತ್ತಕ್ಷರ ತಪ್ಪಿದರೆ ಹಿಂದಕ್ಕೆ ಹೋಗಬೇಕು, ಅಳಿಸಬೇಕು, ಮತ್ತೆ ಒತ್ತಬೇಕು. ಅಷ್ಟರಲ್ಲಿ ಹೇಳಹೊರಟಿದ್ದ ಮಾತು ತಣ್ಣಗಾಗಿರುತ್ತದೆ.

ಮೂರನೆಯ ರಾತ್ರಿ ಕಷ್ಟಪಟ್ಟು ಒಂದು ವಾಕ್ಯದವರೆಗೆ ಬಂದೆ: ‘ಬಸ್ಸಿನಲ್ಲಿ ಕುಳಿತು ನಾನು ಅತ್ತೆ.’ ನಿಜಕ್ಕೂ ಅತ್ತಿರಲಿಲ್ಲ, ಅಳಬೇಕು ಅನ್ನಿಸಿದ್ದನ್ನು ಹಾಗೆ ಬರೆದಿದ್ದೆ. ‘ಅತ್ತೆ’ ಎಂದು ಮೂಡಿದ ಕೂಡಲೇ ಮುಂದಿನ ಪದವಾಗಿ ‘ಮಾವ’ ಎಂದು ಮೊಬೈಲ್ ಸೂಚಿಸಿತು. ಯಂತ್ರಕ್ಕೆ ಏನು ಗೊತ್ತು, ಅದರ ತಪ್ಪಲ್ಲ. ಆದರೆ ನಲವತ್ತಮೂರು ವರ್ಷದ ಗಂಡಸು ಬದುಕಿನಲ್ಲಿ ಮೊದಲ ಬಾರಿ ತಾನು ಅತ್ತೆನೆಂದು ಬರೆದ ಗಳಿಗೆಯಲ್ಲಿ ಅದು ನನ್ನನ್ನು ಮದುವೆ ಮನೆಗೆ ಕರೆದೊಯ್ದು ನಿಲ್ಲಿಸಿತು. ಮೊಬೈಲ್ ಮಗುಚಿಟ್ಟೆ. ಸೂಚನೆಗಳನ್ನು ನಿಲ್ಲಿಸಬಹುದು ಎಂದು ಆಮೇಲೆ ತಿಳಿಯಿತು, ನಿಲ್ಲಿಸಿಯೂ ನೋಡಿದೆ. ಕನ್ನಡದ್ದೇ ಕೀಲಿಮಣೆಯನ್ನೂ ಹಾಕಿಕೊಂಡೆ. ಅದರಲ್ಲಿ ಅಕ್ಷರ ಹುಡುಕುವುದೇ ಕೆಲಸವಾಯಿತು. ಹೇಳಿ ಬರೆಸುವ ಸೌಲಭ್ಯವಿತ್ತು, ಆದರೆ ಎರಡು ಕೋಣೆಯ ಮನೆಯಲ್ಲಿ ಮಧ್ಯರಾತ್ರಿ ಜೋರಾಗಿ ಹೇಳುವ ಮಾತುಗಳೇ ಅವು? ವರ್ಷ ತುಂಬಿದಾಗ ನನ್ನನ್ನು ಕೇಳದೆ ಇನ್ನೊಂದು 1,499 ಖಾತೆಯಿಂದ ಹೋಯಿತು. ಅದು ಇನ್ನೂ ಮರಳಿ ಬಂದಿಲ್ಲ.

ಕಾರ್ಯಾಗಾರದ್ದು ಬೇಗ ಮುಗಿಯುವ ಮಾತು. ನಾಲ್ಕು ಭಾನುವಾರ, ಪರದೆಯ ಮೇಲೆ ಹನ್ನೆರಡು ಮುಖ. ಬರೆದದ್ದನ್ನು ಎಲ್ಲರೆದುರು ಓದಬೇಕಿತ್ತು. ಹೇಳಿಕೊಟ್ಟವರು ಸಜ್ಜನರು, ಕೇಳಿದವರು ಚಪ್ಪಾಳೆಯನ್ನೂ ತಟ್ಟಿದರು. ಆದರೆ ಎರಡನೆಯ ಭಾನುವಾರದ ಹೊತ್ತಿಗೆ ಚಪ್ಪಾಳೆ ಬೀಳುವ ಸಾಲುಗಳನ್ನೇ ಬರೆಯಲು ಶುರುಮಾಡಿದ್ದೆ. ಅಪ್ಪನ ಕೆಮ್ಮು ನನ್ನ ಬರಹದಲ್ಲಿ ‘ಮಳೆಗಾಲದ ಗುಡುಗು’ ಆಯಿತು. ಅಪ್ಪ ಹಾಗೆ ಕೆಮ್ಮುತ್ತಿರಲಿಲ್ಲ. ಕವಿತೆ ಕಲಿಯಬೇಕೆನ್ನುವವರಿಗೆ ಹಣ ವ್ಯರ್ಥವಾಗದು. ನಾನು ಹೋದ ಕಾರಣ ಬೇರೆ.

ಮೂರನೆಯದಾದ ನಾಲ್ಕು ದಿನಗಳ ಪದ್ಧತಿಗೆ ಒಳ್ಳೆಯ ಆಧಾರವಿದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಅವರು ಸಾಂಡ್ರಾ ಬೀಲ್ ಅವರೊಂದಿಗೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಬದುಕಿನ ಅತಿ ನೋವಿನ ಘಟನೆಯನ್ನು, ನಡೆದದ್ದನ್ನೂ ಅನ್ನಿಸಿದ್ದನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದು ಮುಗಿಸಿದ ಕೂಡಲೇ ಅವರ ಮನಸ್ಸು ಮೊದಲಿಗಿಂತ ಕುಗ್ಗಿರುತ್ತಿತ್ತು. ಇದನ್ನು ತಿಳಿದೇ ಶುರುಮಾಡಿ. ನನಗೆ ಮೂರನೆಯ ದಿನ ಕಚೇರಿಗೆ ಹೋಗಲೂ ಆಗಲಿಲ್ಲ.

ನಾನು ಬರೆದದ್ದೆಲ್ಲ ಆಸ್ಪತ್ರೆಯ ಒಂದೇ ರಾತ್ರಿಯ ಸುತ್ತ. ಆಮ್ಲಜನಕದ ಮುಖವಾಡ ಸರಿಸಿ ಅಪ್ಪ ‘ರಾಶಿ ಎಷ್ಟಾಗಿದೆ?’ ಎಂದು ಕೇಳಿದ್ದರು. ರಾಶಿ ಎಂಬುದು ಅಡಿಕೆಯ ಒಂದು ಬಗೆ, ಕೇಳಿದ್ದು ಅದರ ದರ. ನಾನು ‘ಈಗ ಅದೆಲ್ಲ ಯಾಕೆ, ಮಲಗಿ’ ಎಂದೆ. ಆಮೇಲೆ ಅವರು ಮಾತನಾಡಲಿಲ್ಲ. ನಾಲ್ಕೂ ದಿನ ‘ನಾನು ಹೇಳಲಿಲ್ಲ, ನಾನು ಹೇಳಬೇಕಿತ್ತು’ ಎಂದೇ ಬರೆದೆ. ಪುಟ ತುಂಬಿತು, ನಾನು ಮಾತ್ರ ಆ ಮಂಚದ ಪಕ್ಕದಿಂದ ಏಳಲಿಲ್ಲ.

ಅದೇ ಪೆನ್ನೆಬೇಕರ್ ಮತ್ತು ಶೆರ್ಲಾಕ್ ಕ್ಯಾಂಪ್‌ಬೆಲ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಬರಹಗಳ ಪದಬಳಕೆಯನ್ನು ಹೋಲಿಸಿ ನೋಡಿದರು. ಸರ್ವನಾಮಗಳ ಬಳಕೆ ಒಂದು ದಿನದಿಂದ ಇನ್ನೊಂದು ದಿನಕ್ಕೆ ಬದಲಾಗುತ್ತಾ ಹೋದವರಲ್ಲಿ ಪರಿಣಾಮ ಹೆಚ್ಚು ಕಂಡಿತ್ತು. ಇದನ್ನು ಓದಿದ ಮರುದಿನ ಬೆಳಿಗ್ಗೆ ‘ನಾನು’ ಇದ್ದಲ್ಲೆಲ್ಲ ‘ಅವನು’ ಎಂದು ತಿದ್ದಲು ಕುಳಿತೆ.

ಕನ್ನಡದಲ್ಲಿ ಇದು ಬರೀ ಸರ್ವನಾಮದ ತಿದ್ದುಪಡಿಯಲ್ಲ. ‘ಬಂದೆ’ ಎಂಬುದು ‘ಬಂದನು’ ಆಗಬೇಕು, ‘ನಿಂತೆ’ ‘ನಿಂತನು’ ಆಗಬೇಕು. ಪ್ರತಿ ಕ್ರಿಯಾಪದದ ಬಾಲದಲ್ಲೂ ನಾನು ಕುಳಿತಿದ್ದೇನೆ, ಒಂದೊಂದರಿಂದಲೂ ನನ್ನನ್ನು ಎಬ್ಬಿಸಬೇಕು. ಎರಡು ಪುಟ ತಿದ್ದುವಷ್ಟರಲ್ಲಿ ಮಂಚದ ಪಕ್ಕ ಕುಳಿತವನನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎರಡು ರಾತ್ರಿ ನಿದ್ದೆಗೆಟ್ಟವನು, ಬೆಳಿಗ್ಗೆ ಕಟ್ಟಬೇಕಾದ ಬಿಲ್ ಎಣಿಸುತ್ತಿದ್ದವನು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ‘ಅತ್ತನು’ ಎಂದು ಬರೆದಾಗ ಪಕ್ಕದಲ್ಲಿ ಯಾವ ಮಾವನೂ ಇರಲಿಲ್ಲ.

ಕಥೆಯೆಂದ ಮೇಲೆ ಮಗನಿಂದ ಏನಾದರೂ ಹೇಳಿಸಬೇಕಲ್ಲ. ಹೇಳಿಸಿದೆ: ‘ನಲವತ್ತೆಂಟು ಸಾವಿರ ಆಗಿದೆ ಅಪ್ಪಾ, ಕ್ವಿಂಟಾಲಿಗೆ.’ ಮುದುಕ ಸೂರು ನೋಡುತ್ತಾ ಮನಸ್ಸಿನಲ್ಲೇ ಲೆಕ್ಕ ಹಾಕಿದ. ‘ಅವಸರ ಮಾಡಬೇಡ. ಯುಗಾದಿ ಕಳೆಯಲಿ’ ಎಂದ. ಈ ವಾಕ್ಯವನ್ನು ನಾನು ಯೋಚಿಸಿ ಬರೆದಿರಲಿಲ್ಲ. ಪೆನ್ನಿನಿಂದ ಅಪ್ಪನ ದನಿಯಲ್ಲೇ ಬಂತು. ಅಪ್ಪ ಕೇಳಿದ್ದು ದುಡ್ಡಿನ ಮಾತನ್ನಲ್ಲ. ಮಗನೊಂದಿಗೆ ಮಾತಿಗೆ ಕೂರಲು ಅವರಿಗೆ ಗೊತ್ತಿದ್ದ ಒಂದೇ ಪ್ರಶ್ನೆ ಅದಾಗಿತ್ತು. ಬೆಳಗಿನ ಐದೂಕಾಲು, ಹಾಲಿನವನು ಇನ್ನೂ ಬಂದಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕುಳಿತು ತುಂಬಾ ಹೊತ್ತು ಅತ್ತೆ.

ಇನ್ನೊಬ್ಬರ ಬಾಯಿಂದ ತನ್ನ ಮಾತನ್ನು ಆಡಿಸುವುದು ನಮ್ಮ ಭಾಷೆಗೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ‘ಶರಣ ಸತಿ, ಲಿಂಗ ಪತಿ’ ಎಂದು ಹೆಣ್ಣಿನ ದನಿ ತೊಟ್ಟು ಹಂಬಲ ತೋಡಿಕೊಂಡರು. ಗಂಡಸಾಗಿ ಹೇಳಲಾಗದ್ದನ್ನು ಹೇಳಲು ಅವರಿಗೂ ಇನ್ನೊಂದು ದನಿ ಬೇಕಾಗಿತ್ತೇನೋ ಎಂದು ನನಗೆ ಈಗ ಅನ್ನಿಸುತ್ತದೆ.

ನೋಟ್‌ಬುಕ್ಕಿಗೆ ಬೀಗವಿಲ್ಲ, ಅದೊಂದು ಕೊರತೆ. ನಾನು ಬೀರುವಿನಲ್ಲಿ ವಿಮೆಯ ಕಾಗದಗಳ ಕೆಳಗೆ ಇಡುತ್ತೇನೆ.

ದಿನವೂ ಎರಡು ಗಂಟೆ ಬಸ್ಸಿನಲ್ಲಿ ಕಳೆಯುವವರಿಗೆ, ಟೈಪಿಂಗ್ ಸರಾಗವಾಗಿ ಬರುವವರಿಗೆ ಆ್ಯಪ್ ಆಗಬಹುದು; ಹಣ ಕೊಟ್ಟ ಕೂಡಲೇ ತಾನಾಗಿ ನವೀಕರಣವಾಗುವುದನ್ನು ನಿಲ್ಲಿಸಿಕೊಳ್ಳಿ. ನಾನು ಐದಕ್ಕೆ ಏಳುವವನು, ಶಾಲೆಯಿಂದಲೂ ಕೈಬರಹದವನು, ತಿಂಗಳ ಕೊನೆಯಲ್ಲಿ ಐನೂರು ರೂಪಾಯಿಗೂ ಲೆಕ್ಕ ಇಡುವವನು. ನನಗೆ ಪುಸ್ತಕವೇ ಸರಿ. ಆದರೆ ಬದುಕೇ ಬೇಡ ಅನ್ನಿಸುತ್ತಿದ್ದರೆ ಈ ನಾಲ್ಕರಲ್ಲಿ ಯಾವುದನ್ನೂ ನೆಚ್ಚಿ ಕೂರಬೇಡಿ. ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ಸಾಯುವ ಹತ್ತು ಜನರಲ್ಲಿ ಸುಮಾರು ಏಳು ಮಂದಿ ಗಂಡಸರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ವರ್ಷಾಬ್ದಿಕಕ್ಕೆ ಊರಿಗೆ ಹೋದಾಗ ನೋಟ್‌ಬುಕ್ ಜೊತೆಗಿತ್ತು. ಊಟವಾದ ಮೇಲೆ ಜಗಲಿಯಲ್ಲಿ ಚಿಕ್ಕಪ್ಪನಿಗೆ ಆ ಎರಡು ಪುಟ ಓದಿ ಹೇಳಿದೆ. ಅವರು ತೋಟದ ಕಡೆ ನೋಡುತ್ತಾ ಪೂರ್ತಿ ಕೇಳಿದರು. ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ‘ಅವತ್ತು ನಲವತ್ತೆಂಟು ಇರಲಿಲ್ಲ ಕಣಪ್ಪ, ನಲವತ್ತಾರೂವರೆ’ ಎಂದರು. ಹೇಳುವಾಗ ಅವರ ದನಿ ನಡುಗುತ್ತಿತ್ತು. ಪೆನ್ನು ತೆಗೆದು ಅಲ್ಲೇ ತಿದ್ದಿದೆ.