ಎಣ್ಣ್ಯಾಗ ಮುಳುಗಿಸಿದ ಕಂಪ್ಯೂಟರ್, ಕಲಬುರಗಿ ಬಿಸಿಲಿಗೆ

ಮೇ ತಿಂಗಳದಾಗ ನಮ್ಮ ಕಲಬುರಗಿ 42 ಡಿಗ್ರಿ ದಾಟಿತಂದ್ರ ಫ್ಯಾನು ಬಿಸಿ ಗಾಳಿನೇ ತಿರುಗಿಸ್ತದ. ನನ್ನ ತ್ರೀಡಿ ರೆಂಡರಿಂಗ್ ಮಷೀನು, ಅಂದ್ರ ತ್ರೀಡಿ ಚಿತ್ರ ತಯಾರಿಸೋ ಕಂಪ್ಯೂಟರು, ಮಧ್ಯಾಹ್ನ ಆದ್ರ ಸಾಕು, ಕಾದು ನಿಧಾನ ಆಗ್ತಿತ್ತು. ಅದಕ್ಕ ಸೂಪರ್ ಮಾರ್ಕೆಟ್ ಕಡೆ ಒಂದು ರಿಪೇರಿ ಅಂಗಡ್ಯಾಗ ಮದರ್‌ಬೋರ್ಡು, ಗ್ರಾಫಿಕ್ಸ್ ಕಾರ್ಡು ಎಲ್ಲಾ ಮಿನರಲ್ ಆಯಿಲ್ ಟ್ಯಾಂಕಿನ್ಯಾಗ ಇಡಿಸಿದೆ.

ಈ ಎಣ್ಣ್ಯಾಗ ಕರೆಂಟ್ ಹರಿಯಂಗಿಲ್ಲ, ಶಾರ್ಟ್ ಆಗೋ ಅಂಜಿಕಿ ಇಲ್ಲ. ಅಷ್ಟೇ ಜಾಗದ ಗಾಳಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖ ಹಿಡೀತದ. 1985ರ ಕ್ರೇ-2 ಸೂಪರ್‌ಕಂಪ್ಯೂಟರ್ ಸೈತ ಫ್ಲೋರಿನರ್ಟ್ ಅನ್ನೋ ದ್ರವದಾಗ ಮುಳುಗೇ ಇತ್ತು. ಆದ್ರ ಹಿಡಿದ ಶಾಖ ಹೊರಗ ಹೋಗಬೇಕಲ್ಲ? ಎಣ್ಣಿ ತಿರುಗಿಸೋ ಪಂಪು, ಅದರ ಶಾಖ ಗಾಳಿಗೆ ಬಿಡೋ ರೇಡಿಯೇಟರ್ ಇಲ್ಲದಿದ್ರ ಎಣ್ಣಿ ಕಾಯ್ಕೋತನ ಹೋಗ್ತದ. ಅಂಗಡಿಯವರು ಎರಡೂ ಹಚ್ಚಿಕೊಟ್ಟಾರ, ಒಳಗ ಎಣ್ಣಿ ಹೋದ್ರ ಕೆಡ್ತದಂತ ತಿರುಗೋ ಹಾರ್ಡ್ ಡಿಸ್ಕ್ ಮಾತ್ರ ಹೊರಗ ಇಟ್ಟಾರ. ತಿಳಿದವರು ಅಂತ ನನಗ ನಂಬಿಕಿ ಬಂದದ್ದು ಅಲ್ಲೇ. ರೇಡಿಯೇಟರ್ ಖೋಲಿ ಗಾಳಿಗಿಂತ ತಣ್ಣಗ ಮಾಡಂಗಿಲ್ಲ. ಹಂಗಾಗಿ ಅದನ್ನ ನೀರಿನ ಕೂಲರ್ ಮುಂದ ಇಟ್ಟೀನಿ.

ಈಗ ಧೂಳಿಲ್ಲ, ಸಪ್ಪಳ ಕಡಿಮಿ, ಮಧ್ಯಾಹ್ನದ ರೆಂಡರ್ ನಿಲ್ಲಂಗಿಲ್ಲ. ತ್ರಾಸಂದ್ರ, ವೈರಿನ ಗುಂಟ ಎಣ್ಣಿ ಮ್ಯಾಲೇರಿ ಟೇಬಲ್ಲಿಗೆ ಜಿನುಗ್ತದ, ಪ್ಲಾಸ್ಟಿಕ್ ವೈರು ಬಿರುಸಾಗ್ತಾವ. ರ್‍ಯಾಮ್ ಬದಲಿಸಬೇಕಂದ್ರ ಮೊಣಕೈ ತನಕ ಎಣ್ಣಿ. ಪದೇಪದೇ ಬಿಡಿಭಾಗ ಬದಲಿ ಮಾಡೋರಿಗೆ ಇದು ಬ್ಯಾಡ. ಹಗಲು-ರಾತ್ರಿ ಮಷೀನು ದುಡಿಸೋರು ಧೈರ್ಯದಿಂದ ಮಾಡಿಸ್ಕೊಳ್ರಿ.