ಕ್ಲಚ್ ಹಗುರ ಮಾಡಿಕೊಡ್ತೀವಿ ಅನ್ನೋರ ಕೈಗೆ ಗಾಡಿ ಕೊಡೋ ಮುಂಚೆ ಇದನ್ನ ಓದಿ

ಕೈಯಲ್ಲಿ ಬಲ ಇಲ್ದೇ ಇರೋರು, ಬೆರಳು ಸರಿಯಾಗಿ ಮಡಚೋಕೆ ಆಗ್ದೇ ಇರೋರು ಯಾರಾದ್ರೂ ಬೈಕಿನ ಕ್ಲಚ್ ಬದಲಾಯಿಸ್ಬೇಕು ಅಂತ ಓಡಾಡ್ತಿದ್ರೆ ದಯವಿಟ್ಟು ಪೂರ್ತಿ ಓದಿ. ನನಗಾಗಿದ್ದು ಇನ್ನೊಬ್ರಿಗೆ ಆಗ್ಬಾರ್ದು. ದುಡ್ಡು ಹೋಯ್ತು ಅದು ಬೇರೆ, ಆದ್ರೆ ಕ್ಲಚ್ ಹಗುರ ಮಾಡಿಕೊಡ್ತೀನಿ ಅಂದ ಮೆಕ್ಯಾನಿಕ್ ಆಮೇಲೆ ಆಡಿದ ಮಾತಿದೆಯಲ್ಲ, ಅದಕ್ಕೆ ಇವತ್ತಿಗೂ ಹೊಟ್ಟೆ ಉರೀತಿದೆ.

ನನ್ನ ಎಡಗೈ ನರಕ್ಕೆ ಏಟಾಗಿದೆ. ಮೊಣಕೈ, ಮಣಿಕಟ್ಟು ಚೆನ್ನಾಗೇ ಇದೆ, ಹ್ಯಾಂಡಲ್ ಹಿಡಿಯೋಕೆ ತೊಂದರೆ ಇಲ್ಲ, ಬೆರಳಿಗೆ ಮಾತ್ರ ಬಿಗಿ ಬರಲ್ಲ. ಕ್ಲಚ್ ಲಿವರನ್ನ ಒಂದೆರಡು ಸಲ ಎಳೀತೀನಿ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡ್ರೆ ಕೈ ಸೋತು ಲಿವರ್ ಜಾರಿ ಗಾಡಿ ಜಿಗಿಯತ್ತೆ. ಇದಕ್ಕೆ ದಾರಿ ಇಲ್ಲ ಅಂತೇನಿಲ್ಲ. ಬಲಗಡೆ ಬ್ರೇಕ್ ಲಿವರ್ ಹತ್ರಾನೇ ಇನ್ನೊಂದು ಕ್ಲಚ್ ಲಿವರ್ ಹಾಕ್ತಾರೆ, ಬಟನ್ ಒತ್ತಿದ್ರೆ ಕೇಬಲ್ ಎಳೆಯೋ ಮೋಟರ್ ಹಾಕ್ತಾರೆ, ಆರ್‌ಪಿಎಂ ಏರಿದಾಗ ತಾನೇ ಹಿಡಿಯೋ ಸೆಂಟ್ರಿಫ್ಯೂಗಲ್ ಕ್ಲಚ್ ಇದೆ, ಹೋಂಡಾದವರು 1958ರ ಸೂಪರ್ ಕಬ್‌ನಲ್ಲೇ ಅದನ್ನ ಕೊಟ್ಟಿದ್ರು, ಈಗ ಲಿವರ್ ಹಿಡೀದೇನೇ ಗೇರ್ ಹಾಕೋ ಇ-ಕ್ಲಚ್ ಅಂತಾನೂ ತಂದಿದಾರೆ. ಆದ್ರೆ ಬೇರೆ ಗಾಡಿ ಬೇಡ, ನನಗೆ ನನ್ನ ಗಾಡೀನೇ ಬೇಕಿತ್ತು, ಹಾಗಾಗಿ ಒಬ್ಬ ಮೆಕ್ಯಾನಿಕ್ ಹತ್ರ ಹೋದೆ.

ಅವನು ಹೇಳಿದ್ದು, "ಸರ್, ಅದೆಲ್ಲ ಯಾಕೆ, ನಮ್ದೇ ಕಿಟ್ ಇದೆ, ಅಸಿಸ್ಟ್ ಕ್ಲಚ್ ತರಾನೇ, ಎಲ್ಲಾ ಒಳಗಡೆ ಬರತ್ತೆ. ಬೆಣ್ಣೆ ತರ ಆಗತ್ತೆ ಲಿವರ್. ಹೊರಗೆ ಏನೂ ಕಾಣಲ್ಲ." ಆ ಹೊರಗೆ ಏನೂ ಕಾಣಲ್ಲ ಅನ್ನೋ ಮಾತು ನನ್ನಂಥೋರಿಗೆ ಹೆಂಗೆ ನಾಟತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಿಗ್ನಲ್‌ನಲ್ಲಿ ನಿಂತಾಗ ಜನ ಮೊದಲು ಕೈ ನೋಡ್ತಾರೆ, ಆಮೇಲೆ ಮುಖ ನೋಡ್ತಾರೆ, ಅದು ಅನುಭವಿಸಿದೋರಿಗೇ ಗೊತ್ತು.

ಗಾಡಿ ತಗೊಳ್ಳೋಕೆ ಹೋದಾಗ ಅಕ್ಕನೂ ಬಂದಿದ್ಲು. ಸ್ಟ್ಯಾಂಡ್ ಮೇಲಿದ್ದ ಗಾಡಿ ಲಿವರನ್ನ ಎರಡೇ ಬೆರಳಲ್ಲಿ ಎಳೆದೆ, ಬಂತು. ಬಿಟ್ಟೆ, ಮತ್ತೆ ಎಳೆದೆ, ಬಂತು. ಅಕ್ಕನ ಕಣ್ಣಲ್ಲಿ ನೀರು. ಅವನ ಕೈ ಹಿಡ್ಕೊಂಡು ಥ್ಯಾಂಕ್ಸ್ ಅಣ್ಣಾ ಥ್ಯಾಂಕ್ಸ್ ಅಣ್ಣಾ ಅಂದೆ, ಅಲ್ಲೇ ಬಾಕಿ ದುಡ್ಡೂ ಪೂರ್ತಿ ಕೊಟ್ಟೆ, ಸಿಕ್ಕಸಿಕ್ಕೋರಿಗೆಲ್ಲ ವಿಡಿಯೋ ಕಳಿಸಿದೆ. ಈಗ ಆ ವಿಡಿಯೋ ನೆನಪಾದ್ರೆ ಮುಖ ಮುಚ್ಕೊಳ್ಳೋ ಹಂಗಾಗತ್ತೆ. ಅವನು ಪಕ್ಕದಲ್ಲೇ ನಗ್ತಾ ನಿಂತಿದ್ದ. ಒಳಗೆ ಏನು ಮಾಡಿದೀನಿ ಅಂತ ಗೊತ್ತಿದ್ದೂ ನಗ್ತಾ ನಿಂತಿದ್ದ.

ಒಂಟಿಯಾಗಿ ಸಮ ರಸ್ತೇಲಿ ಓಡಿಸೋವಾಗ ಏನೂ ಗೊತ್ತಾಗಲ್ಲ, ನೆನಪಿಟ್ಕೊಳ್ಳಿ. ಅಕ್ಕನ್ನ ಹಿಂದೆ ಕೂರಿಸ್ಕೊಂಡು ಏರು ಹತ್ತೋವಾಗ ಗೊತ್ತಾಯ್ತು. ರೇಸ್ ಕೊಟ್ರೆ ಎಂಜಿನ್ ಕಿರುಚ್ಕೊಳ್ಳತ್ತೆ, ಆರ್‌ಪಿಎಂ ಮುಳ್ಳು ಮೇಲೆ ಹೋಗತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗ್ತಿಲ್ಲ, ಸ್ಪೀಡ್ ಇಳೀತಿದೆ, ಸುಟ್ಟ ವಾಸನೆ, ಹಿಂದುಗಡೆ ಲಾರಿ ಹಾರ್ನ್ ಹೊಡೀತಾ ಮೈಮೇಲೇ ಬರ್ತಿದೆ. ಅಕ್ಕ ಇಳಿದು ರಸ್ತೆ ಪಕ್ಕಕ್ಕೆ ಓಡಿದ್ಲು, ನಾನು ಗಾಡಿ ತಳ್ಕೊಂಡು ಸೈಡಿಗೆ ಹಾಕ್ದೆ. ಆ ಲಾರಿಯವನು ಬ್ರೇಕ್ ಹಾಕ್ದೇ ಇದ್ದಿದ್ರೆ?

ಆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಹೊಸದಲ್ವಾ ಸರ್, ಸೆಟ್ ಆಗ್ಬೇಕು." ಮತ್ತೆ ಮಾಡಿದೆ. "ಕೇಬಲ್ ಟೈಟ್ ಇರ್ಬೇಕು, ನೋಡ್ಕೊಳ್ಳಿ." ನೋಡಿದೆ, ಲಿವರ್ ತುದೀಲಿ 10-15 ಮಿಲಿಮೀಟರ್ ಫ್ರೀ ಪ್ಲೇ, ಅಂದ್ರೆ ಕೇಬಲ್ ಬಿಗಿಯಾಗೋ ಮುಂಚಿನ ಸಡಿಲ, ಸರಿಯಾಗೇ ಇತ್ತು, ಕೇಬಲ್ ಕ್ಲಚ್ಚನ್ನ ಎಳ್ಕೊಂಡೇನೂ ಇರ್ಲಿಲ್ಲ. ಹೇಳಿದೆ. "ಹಂಗಾದ್ರೆ ಕಾರಿನ ಆಯಿಲ್ ಹಾಕಿಸಿರ್ತೀರ, ಅದಕ್ಕೇ ಕ್ಲಚ್ ಜಾರ್ತಿದೆ." ಇಲ್ಲಪ್ಪಾ, ಆಯಿಲ್ ಡಬ್ಬಿ ಮೇಲೆ ಜಾಸೋ ಎಂಎ2 ಅಂತ ಬರೆದಿದೆ, ಬೈಕಿನ ಆಯಿಲ್ಲೇ, ಫೋಟೋ ಕಳಿಸ್ಲಾ ಅಂದೆ. ಆಗ ಬಂತು ನೋಡಿ ಮಾತು, "ಸರ್ ಬೇಜಾರ್ ಮಾಡ್ಕೋಬೇಡಿ, ನೀವು ಹಾಫ್ ಕ್ಲಚ್‌ನಲ್ಲೇ ಓಡಿಸ್ತಿದೀರ. ನಿಮ್ಮ ಕೈ ಹಂಗಲ್ವಾ, ಪೂರ್ತಿ ಬಿಡೋಕೆ ಆಗ್ತಿಲ್ಲ ಅನ್ಸತ್ತೆ."

ನನ್ನ ಕೈ ಹಂಗಲ್ವಾ! ಲಿವರ್ ಎಳೆಯೋಕೆ ಬಲ ಬೇಕು, ಬಿಡೋಕೆ ಯಾವ ಬಲ ಬೇಕು? ಸ್ಪ್ರಿಂಗ್ ತಾನೇ ವಾಪಸ್ ತಗೊಳ್ಳತ್ತೆ. ಇಷ್ಟು ಗೊತ್ತಿದ್ದೂ, ಒಂದು ಕ್ಷಣ ನನಗೇ ನನ್ನ ಕೈ ಮೇಲೆ ಅನುಮಾನ ಬಂತು ರೀ. ರಾತ್ರಿ ಕೂತು ಬೆರಳು ಬಿಟ್ಟು ಮಡಚಿ ಬಿಟ್ಟು ಮಡಚಿ ನೋಡ್ಕೊಂಡೆ. ಅದಕ್ಕೇ ಇಷ್ಟು ಕೋಪ ನನಗೆ.

ಬೇರೆ ಮೆಕ್ಯಾನಿಕ್ ಹತ್ರ ಹೋಗಿ ನಾನು ಎದುರು ನಿಂತೇ ಕ್ಲಚ್ ಕವರ್ ಬಿಚ್ಚಿಸ್ದೆ. ಕಿಟ್ಟೂ ಇಲ್ಲ ಗಿಟ್ಟೂ ಇಲ್ಲ. ಕ್ಲಚ್ ಪ್ಲೇಟ್‌ಗಳು ಜಾರದ ಹಾಗೆ ಒಂದಕ್ಕೊಂದು ಒತ್ತಿ ಇಡೋ ಪ್ರೆಶರ್ ಪ್ಲೇಟನ್ನ ಹಿಡಿಯೋಕೆ ಆರು ಸ್ಪ್ರಿಂಗ್ ಇರ್ಬೇಕಾದ ಕಡೆ ನಾಲ್ಕೇ ಇದೆ, ಎದುರುಬದುರು ಎರಡು ಕಂಬ ಖಾಲಿ. ಫ್ರಿಕ್ಷನ್ ಪ್ಲೇಟ್ ಕಪ್ಪಾಗಿ ಗಾಜಿನಂಗೆ ಹೊಳೀತಿದೆ, ಸ್ಟೀಲ್ ಪ್ಲೇಟ್ ಮೇಲೆ ನೀಲಿ ಮಚ್ಚೆ, ಜಾರಿ ಜಾರಿ ಕಾದು ಸುಟ್ಟಿರೋ ಗುರುತು. ಎರಡು ಸ್ಪ್ರಿಂಗ್ ಕಿತ್ತಿದ್ದಕ್ಕೆ ಲಿವರ್ ಹಗುರ ಆಗಿದ್ದು, ಅಷ್ಟೇ. ಎಳೆಯೋಕೆ ಮೂರರಲ್ಲಿ ಒಂದು ಪಾಲು ಬಲ ಕಮ್ಮಿ ಸಾಕು, ಪ್ಲೇಟ್ ಹಿಡಿಯೋ ಬಲಾನೂ ಅಷ್ಟೇ ಕಮ್ಮಿ. ನಿಜವಾದ ಅಸಿಸ್ಟ್ ಕ್ಲಚ್‌ನಲ್ಲಿ ಪ್ಲೇಟ್ ಕೂರೋ ಹಬ್ ಬೇರೇನೇ ಇರತ್ತೆ, ಇಳಿಜಾರಾಗಿ ಕೊರೆದ ಕ್ಯಾಮ್ ಇರತ್ತೆ, ಎಂಜಿನ್ ಎಳೆದಷ್ಟೂ ಅದೇ ಪ್ಲೇಟ್ ಒತ್ತತ್ತೆ, ಅದಕ್ಕೇ ಅಲ್ಲಿ ಮೆತ್ತನೆ ಸ್ಪ್ರಿಂಗ್ ನಡೆಯತ್ತೆ. ಇಲ್ಲಿ ಅದ್ಯಾವುದೂ ಇಲ್ಲ.

ಫೋಟೋ ಕಳಿಸ್ದೆ. ಉತ್ತರ ಬಂತು, "ನಿಮಗೆ ಹಗುರ ಬೇಕಿತ್ತು, ಹಗುರ ಮಾಡಿಕೊಟ್ವಿ. ನಿಮ್ಮಂಥೋರು ಗಾಡಿ ಓಡಿಸೋ ಹಂಗಾಯ್ತಲ್ಲ, ಅದಕ್ಕೆ ಖುಷಿ ಪಡಿ." ಕಿಟ್ ಎಲ್ಲಿ ಅಂದೆ, ಕಿತ್ತ ಸ್ಪ್ರಿಂಗ್ ಆದ್ರೂ ಕೊಡು ಅಂದೆ. ಓದಿದಾನೆ, ಉತ್ತರ ಇಲ್ಲ. ಈಗ ಫೋನೂ ಎತ್ತಲ್ಲ.

ಒಂದೇ ಒಂದು ವಿಷಯ ತಲೇಲಿಟ್ಕೊಳ್ಳಿ. ಕೇಬಲ್ ಕ್ಲಚ್‌ನಲ್ಲಿ ಒಣಗಿ ಬಿಗಿಯಾದ ಕೇಬಲ್ ಸರಿ ಮಾಡಿದ್ದು ಬಿಟ್ರೆ, ಅದೇ ಸ್ಪ್ರಿಂಗ್ ಇಟ್ಕೊಂಡು ಲಿವರ್ ಹಗುರ ಆಗ್ಬೇಕು ಅಂದ್ರೆ ಎಳೆಯೋ ದೂರ ಜಾಸ್ತಿ ಆಗ್ಲೇಬೇಕು. ಎಂಜಿನ್ ಹತ್ರ ಇರೋ ರಿಲೀಸ್ ಆರ್ಮ್ ಉದ್ದ ಮಾಡಿದ್ರೂ ಹಂಗೇ, ಹೈಡ್ರಾಲಿಕ್ ಹಾಕಿ ಸಿಲಿಂಡರ್ ಅಳತೆ ಬದಲಾಯಿಸಿದ್ರೂ ಹಂಗೇ. ದೂರ ಮೊದಲಿನಷ್ಟೇ ಇದೆ, ಮೋಟರ್ ಗೀಟರ್ ಏನೂ ಇಲ್ಲ, ಆದ್ರೂ ಹಗುರ ಆಗಿದೆ ಅಂದ್ರೆ ಒಳಗೆ ಸ್ಪ್ರಿಂಗ್‌ಗೆ ಕೈ ಹಾಕಿದಾರಾ ಅಂತ ಬಿಚ್ಚಿಸಿ ನೋಡಿ. ಸ್ಟ್ಯಾಂಡ್ ಮೇಲೆ ಲಿವರ್ ಎಳೆದು ನೋಡಿ ದುಡ್ಡು ಕೊಡ್ಬೇಡಿ, ಖಾಲಿ ರಸ್ತೇಲಿ ಟಾಪ್ ಗೇರ್‌ಗೆ ಹಾಕಿ ನಿಧಾನಕ್ಕೆ ಹೋಗ್ತಾ ಒಂದೇ ಸಲ ರೇಸ್ ಕೊಡಿ, ಸ್ಪೀಡ್ ಏರ್ದೆ ಆರ್‌ಪಿಎಂ ಮಾತ್ರ ಜಿಗಿದ್ರೆ ಕ್ಲಚ್ ಜಾರ್ತಿದೆ. ಕಿತ್ತಿದ್ದು ಏನೇನಿದೆಯೋ ಎಲ್ಲಾ ವಾಪಸ್ ಕೇಳಿ. ಏನು ಹಾಕ್ತೀವಿ ಅಂತ ಬಿಲ್‌ನಲ್ಲಿ ಬರೆಸ್ಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡೋನು ನಿಮ್ಮ ಗಾಡಿ ಮುಟ್ಟೋದೂ ಬೇಡ.

ಈಗ ಹೊಸ ಪ್ಲೇಟು, ಆರೂ ಸ್ಪ್ರಿಂಗ್ ಹಾಕಿಸಿದೀನಿ. ಲಿವರ್ ಮೊದಲಿನಂಗೇ ಗಟ್ಟಿ, ನನ್ನ ಕೈಗೆ ಆಗಲ್ಲ. ಬಲಗಡೆ ಎರಡನೇ ಲಿವರ್ ಹಾಕಿದ್ರೆ ಬ್ರೇಕು, ರೇಸು, ಕ್ಲಚ್ಚು ಮೂರೂ ಒಂದೇ ಕೈ ಮೇಲೆ ಬೀಳತ್ತೆ, ಜೋರಾಗಿ ಬ್ರೇಕ್ ಹಿಡಿಯೋವಾಗ ಕಷ್ಟ ಅಂತ ಈ ಹೊಸ ಮೆಕ್ಯಾನಿಕ್ ಮುಚ್ಚುಮರೆ ಇಲ್ದೇ ಹೇಳಿದ್ರು. ಹಾಗಾಗಿ ಮೋಟರ್ ಹಾಕಿಸೋದು ಅಂತ ಮಾಡಿದೀನಿ. ಏನೇನು ಪಾರ್ಟ್ ಬೇಕು ಅಂತ ಅವರೇ ಪೇಪರ್ ಮೇಲೆ ಬರೆದು ಸೈನ್ ಹಾಕಿ ಕೊಟ್ಟಿದಾರೆ.