ಬಯಲಿನ ಪವರ್ ಸಪ್ಲೈ ಪೆಟ್ಟಿಗೆಯಲ್ಲಿ ಜೆಲ್ ಬ್ಯಾಟರಿ: ಕೆಲವು ಬೇಸಿಗೆ ಕಳೆದ ಮೇಲಿನ ಅನಿಸಿಕೆ

ಬ್ಯಾಟರಿಗಳ ವಿಮರ್ಶೆ ಹೆಚ್ಚಾಗಿ ಹಾಕಿದ ತಿಂಗಳಲ್ಲೇ ಬರೆದದ್ದಿರುತ್ತದೆ. ಹೊಸದರಲ್ಲಿ ಎಲ್ಲ ಬ್ಯಾಟರಿಯೂ ಒಳ್ಳೆಯದೇ ಅಲ್ವಾ? ಅದಕ್ಕೇ ನಾನು ಕಾದೆ. ನೆಟ್‌ವರ್ಕ್ ಲೈನಿಗೆ ಕರೆಂಟ್ ಕೊಡುವ, ಬಯಲಲ್ಲಿ ನಿಂತ ಪವರ್ ಸಪ್ಲೈ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೆಲವು ಕಂಬದ ಮೇಲಿವೆ, ಕೆಲವು ನೆಲದ ಮೇಲೆ ಸಿಮೆಂಟ್ ಕಟ್ಟೆಯಲ್ಲಿ. ಒಳಗೆ 12 ವೋಲ್ಟಿನ ಮೂರು ಬ್ಯಾಟರಿ ಸಾಲಾಗಿ ಸೇರಿ 36 ವೋಲ್ಟ್. ಕರೆಂಟ್ ಹೋದ ಕೂಡಲೇ ಒಳಗಿನ ಪವರ್ ಸಪ್ಲೈ ಯೂನಿಟ್ (ಚಾರ್ಜರ್ ಇರುವುದೂ ಇದರಲ್ಲೇ) ಬ್ಯಾಟರಿಗೆ ಬದಲಾಗುತ್ತದೆ, ಲೈನ್ ನಿಲ್ಲುವುದಿಲ್ಲ.

ನಾನು ಇಲ್ಲಿ ಹೇಳುತ್ತಿರುವುದು 100 ಎಎಚ್ (ಆಂಪಿಯರ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಸೀಲ್ಡ್ ಜೆಲ್ ಬ್ಯಾಟರಿಗಳ ಬಗ್ಗೆ, ಅಂದರೆ ಒಳಗಿನ ಆ್ಯಸಿಡ್ ಜೆಲ್ ರೂಪದಲ್ಲಿರುವ ಸೀಸದ ಬ್ಯಾಟರಿ. ಮುಂಚೆ ಅದೇ ಜಾಗದಲ್ಲಿ ಎಜಿಎಂ (ಆ್ಯಸಿಡನ್ನು ಗಾಜಿನ ನಾರಿನ ಹಾಳೆ ಹೀರಿಟ್ಟುಕೊಳ್ಳುವ ಸೀಲ್ಡ್ ಸೀಸದ ಬ್ಯಾಟರಿ) ಇತ್ತು. ಅದು ಹೇಳಿದಷ್ಟು ವರ್ಷ ಬರಲಿಲ್ಲ. ಜೆಲ್ ಹಾಕುವಾಗ ಹಳೆಯ ಕಬ್ಬಿಣದ ಪೆಟ್ಟಿಗೆಯನ್ನೂ ತೆಗೆದು, ಗಾಳಿಕಿಂಡಿ ಇರುವ ಅಲ್ಯೂಮಿನಿಯಂ ಪೆಟ್ಟಿಗೆ ಕೂರಿಸಿದೆವು. ಹಾಗಾಗಿ ಎಲ್ಲ ಕೀರ್ತಿಯನ್ನೂ ಜೆಲ್‌ಗೆ ಕೊಡುವುದು ಸರಿಯಲ್ಲ. ಮರದ ನೆರಳಲ್ಲಿರುವ ಇನ್ನೊಂದು ಪೆಟ್ಟಿಗೆಯಲ್ಲಿ ಅದೇ ಹಳೆಯ ಎಜಿಎಂ ಸೆಟ್ ಇನ್ನೂ ಚೆನ್ನಾಗಿ ಓಡುತ್ತಿದೆ. ಒಂದೇ ಲಾಟು (ಒಟ್ಟಿಗೆ ತಯಾರಾದ ಕಂತು), ಒಂದೇ ಲೋಡು. ಬಿಸಿಲು ಮಾತ್ರ ಬೇರೆ.

ನನ್ನ ಮಟ್ಟಿಗೆ ಮುಖ್ಯ ಮಾತು ಇದೇ: ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಅನ್ನುವುದನ್ನು ಅದರ ಬ್ರ್ಯಾಂಡಿಗಿಂತ ಜಾಸ್ತಿ ಪೆಟ್ಟಿಗೆಯೊಳಗಿನ ಬಿಸಿ ತೀರ್ಮಾನಿಸುತ್ತದೆ.

ಲೇಬಲ್ ಮೇಲೆ 10 ವರ್ಷ ಅಂತ ಇದ್ದರೆ ಅದು 25 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದ ಲೆಕ್ಕ. ಅಲ್ಲಿಂದ 8ರಿಂದ 10 ಡಿಗ್ರಿ ಏರಿದ ಹಾಗೆಲ್ಲ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸರಾಸರಿ 35 ಡಿಗ್ರಿಯಲ್ಲಿ ಇದ್ದರೆ 10 ವರ್ಷದ ಬ್ಯಾಟರಿ 5 ವರ್ಷದ್ದೇ. ಬಿಸಿಲಿಗೆ ನಿಂತ ಮುಚ್ಚಿದ ಪೆಟ್ಟಿಗೆಯ ಒಳಗೆ ಹೊರಗಿಗಿಂತ ಸೆಕೆ ಜಾಸ್ತಿ. ಅದರ ಮೇಲೆ ಇಂಥ ಯೂನಿಟ್‌ಗಳಲ್ಲಿ ಸಾಮಾನ್ಯವಾಗಿರುವ, ವೋಲ್ಟೇಜ್ ಸ್ಥಿರವಾಗಿಡುವ ಫೆರೋರೆಸೊನೆಂಟ್ ಟ್ರಾನ್ಸ್‌ಫಾರ್ಮರ್ ಹಗಲು ರಾತ್ರಿ ಗುಂಯ್ ಅನ್ನುತ್ತಾ ತನ್ನ ಬಿಸಿಯನ್ನೂ ಸೇರಿಸುತ್ತಿರುತ್ತದೆ. ಯೂನಿಟ್ ಮೇಲೆ, ಬ್ಯಾಟರಿ ಕೆಳಗೆ ಇರುವ ಪೆಟ್ಟಿಗೆಯನ್ನೇ ಆರಿಸಿಕೊಳ್ಳಿ. ಬ್ಯಾಟರಿಗಳ ನಡುವೆ ಒಂದು ಬೆರಳಿನಷ್ಟಾದರೂ ಜಾಗ ಬಿಡಿ. ಒಂದಕ್ಕೊಂದು ಅಂಟಿಸಿ ಇಟ್ಟರೆ ನಡುವಿನದು ಎರಡು ಕಡೆಯಿಂದಲೂ ಬೇಯುತ್ತದೆ, ಮೊದಲು ಹೋಗುವುದೂ ಅದೇ.

ಇನ್ನು ಸೆನ್ಸರ್ ವಿಷಯ. ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಯೂನಿಟ್‌ನಿಂದ ಒಂದು ತೆಳ್ಳಗಿನ ವೈರ್ ಬರುತ್ತದೆ, ತುದಿಯಲ್ಲಿ ಉಗುರಿನಷ್ಟು ಸಣ್ಣ ಸೆನ್ಸರ್. ಬ್ಯಾಟರಿ ಎಷ್ಟು ಬಿಸಿ ಇದೆ ಅಂತ ಚಾರ್ಜರ್‌ಗೆ ಹೇಳುವುದು ಅದೊಂದೇ. ಮೂರು ಬ್ಯಾಟರಿಯಲ್ಲಿ ಒಟ್ಟು 18 ಸೆಲ್. 25 ಡಿಗ್ರಿಯಲ್ಲಿ ಒಂದು ಸೆಲ್‌ಗೆ ಸುಮಾರು 2.27 ವೋಲ್ಟ್ ಫ್ಲೋಟ್ (ತುಂಬಿದ ಮೇಲೂ ಚಾರ್ಜ್ ಉಳಿಸಲು ಸದಾ ಕೊಡುವ ವೋಲ್ಟೇಜ್) ಅಂದರೆ ಇಡೀ ಸೆಟ್‌ಗೆ 40.9 ವೋಲ್ಟ್ ಹತ್ತಿರ. ಬಿಸಿ ಏರಿದಂತೆ ಚಾರ್ಜರ್ ಇದನ್ನು ಇಳಿಸಬೇಕು. ಡಿಗ್ರಿಗೆ ಸೆಲ್‌ಗೆ 5 ಮಿಲಿವೋಲ್ಟ್ ಇಳಿಸುವ ಸೆಟ್ಟಿಂಗ್ ಇದ್ದರೆ 45 ಡಿಗ್ರಿಯಲ್ಲಿ 1.8 ವೋಲ್ಟ್ ಕಡಿಮೆ, ಅಂದರೆ 39.1ರ ಸುತ್ತಮುತ್ತ ಇರಬೇಕು.

ನಾನು ತೆರೆದ ಒಂದು ಪೆಟ್ಟಿಗೆಯಲ್ಲಿ ಮಧ್ಯಾಹ್ನದ ಹೊತ್ತು ಬ್ಯಾಟರಿ ಮುಟ್ಟಿದರೆ ಕೈ ಸುಡುವ ಹಾಗಿತ್ತು. ಮೀಟರ್ ಇಟ್ಟು ನೋಡಿದರೆ ಫ್ಲೋಟ್ ಮಾತ್ರ 41ರ ಹತ್ತಿರ. ಸೆನ್ಸರ್ ಹುಡುಕಿದೆ. ಅಂಟಿಸಿದ್ದ ಟೇಪ್ ಒಣಗಿ, ಸೆನ್ಸರ್ ತಟ್ಟೆಯ ಹಿಂದಿನ ಸಂದಿಗೆ ಜಾರಿ, ತಣ್ಣಗಿನ ಕಟ್ಟೆಯ ಮೇಲೆ ಮಲಗಿತ್ತು. ಚಾರ್ಜರ್ ಪಾಪ ತಣ್ಣಗಿದೆ ಅಂದುಕೊಂಡೇ ತುಂಬುತ್ತಿತ್ತು. ಮಧ್ಯದ ಬ್ಯಾಟರಿಯ ಹೊಟ್ಟೆ ಎರಡೂ ಕಡೆ ಉಬ್ಬಿ, ತಟ್ಟೆಯ ಅಂಚಿಗೆ ಸಿಕ್ಕಿಕೊಂಡು ಹೊರಗೆ ಬರಲೇ ಒಲ್ಲದು. ಕೊನೆಗೆ ತಟ್ಟೆಯ ಬೋಲ್ಟ್ ಬಿಚ್ಚಿ, ತಟ್ಟೆ ಸಮೇತ ತೆಗೆಯಬೇಕಾಯಿತು. ಇದು ಹೀಗೇ ಮುಂದುವರಿದರೆ ಇನ್ನೂ ಅಪಾಯ. ಬಿಸಿಯಾದ ಬ್ಯಾಟರಿ ಜಾಸ್ತಿ ಕರೆಂಟ್ ಎಳೆಯುತ್ತದೆ, ಜಾಸ್ತಿ ಕರೆಂಟ್ ಅದನ್ನು ಇನ್ನೂ ಬಿಸಿ ಮಾಡುತ್ತದೆ, ಇದು ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಉಬ್ಬಿದ್ದು, ವಾಸನೆ ಬರುತ್ತಿರುವುದು ಕಂಡರೆ ಮೊದಲು ಬ್ರೇಕರ್ ಆಫ್ ಮಾಡಿ, ಆರಲು ಬಿಡಿ, ಆಮೇಲೆ ಕೈ ಹಾಕಿ.

ಸೆನ್ಸರ್ ಇರಬೇಕಾದ ಜಾಗ ಮಧ್ಯದ ಬ್ಯಾಟರಿಯ ಪಕ್ಕ, ಅರ್ಧ ಎತ್ತರದಲ್ಲಿ. ಸೆಕೆ ತಡೆಯುವ ಟೇಪ್‌ನಿಂದ ಗಟ್ಟಿಯಾಗಿ ಅಂಟಿಸಬೇಕು. ಪ್ರತಿ ಸಲ ಬಾಗಿಲು ತೆರೆದಾಗ ನಾನು ಮೊದಲು ನೋಡುವುದೇ ಅದನ್ನು.

ಜೋಡಿಸುವ ಕೆಲಸ ಕಷ್ಟ ಅಲ್ಲ, ಆದರೆ ಅವಸರ ಬೇಡ. ಒಂದೊಂದು ಬ್ಯಾಟರಿ ಸುಮಾರು 30 ಕಿಲೋ. ಕಂಬದ ಪೆಟ್ಟಿಗೆ ಆದರೆ ಒಬ್ಬರೇ ಹತ್ತಬೇಡಿ. ಉಂಗುರ, ವಾಚು ಬಿಚ್ಚಿಡಿ, ಹಿಡಿಗೆ ಇನ್ಸುಲೇಷನ್ ಇರುವ ಸ್ಪ್ಯಾನರ್ ಬಳಸಿ. 36 ವೋಲ್ಟ್ ತಾನೇ ಅಂತ ಸದರ ಬೇಡ. ಶಾಕ್ ಹೊಡೆಯದಿದ್ದರೂ ಸ್ಪ್ಯಾನರ್ ಎರಡು ಟರ್ಮಿನಲ್‌ಗೂ ತಾಗಿದರೆ ನೂರಾರು ಆಂಪಿಯರ್ ಹರಿದು ಲೋಹವೇ ಕರಗುತ್ತದೆ. ಟರ್ಮಿನಲ್ ಉಜ್ಜಿ, ಕೇಬಲ್ಲಿನ ತುದಿಯ ಲೋಹದ ಲಗ್ ನೇರವಾಗಿ ಸೀಸಕ್ಕೆ ಕೂರಬೇಕು. ವಾಷರ್ ಅದರ ಮೇಲೆ ಬರಬೇಕು, ನಡುವೆ ಅಲ್ಲ. ನಡುವೆ ಸಿಕ್ಕಿದ ಸ್ಟೀಲ್ ವಾಷರ್ ಬಿಸಿಯಾಗಿ ಟರ್ಮಿನಲ್ ಕರಗಿದ್ದನ್ನು ನೋಡಿದ್ದೇನೆ. ಲೇಬಲ್ ಮೇಲೆ ಬರೆದಷ್ಟೇ ಬಿಗಿ ಕೊಡಿ, ಟಾರ್ಕ್ ಸ್ಪ್ಯಾನರ್ ಇಲ್ಲದೆ ಇದು ಸರಿಯಾಗಿ ಆಗುವುದಿಲ್ಲ. ಸಡಿಲ ಆದರೂ ಕಷ್ಟ, ಸೀಸ ಮೆತ್ತಗಿರುವುದರಿಂದ ಜಾಸ್ತಿ ಬಿಗಿದರೂ ಕಷ್ಟ. ಮೇಲೆ ತೆಳ್ಳಗೆ ಗ್ರೀಸ್.

ಯೂನಿಟ್‌ಗೆ ಕನೆಕ್ಟರ್ ಚುಚ್ಚುವ ಮೊದಲು ಮೀಟರ್ ಇಡಿ. ಚೆನ್ನಾಗಿ ಚಾರ್ಜ್ ಆದ ಮೂರು ಬ್ಯಾಟರಿ ಸೇರಿ 38 ವೋಲ್ಟ್ ಮೇಲೆ ತೋರಿಸಬೇಕು. ಬರೀ 12-13 ತೋರಿಸಿದರೆ ಒಂದು ಬ್ಯಾಟರಿ ತಿರುಗುಮುರುಗಾಗಿದೆ ಅಂತ ಅರ್ಥ. ಎರಡು ಕೂಡುತ್ತವೆ, ಒಂದು ಕಳೆಯುತ್ತದೆ. ಮೂರೂ ಒಂದೇ ಬಣ್ಣ, ಒಂದೇ ಆಕಾರ, ಮಬ್ಬುಗತ್ತಲ ಪೆಟ್ಟಿಗೆ. ಹಾಗಾಗುವುದು ಸುಲಭ. ಬ್ಯಾಟರಿ ಬ್ರೇಕರ್ ಆಫ್ ಇಟ್ಟೇ ಕನೆಕ್ಟರ್ ಹಾಕಿ, ಇಲ್ಲದಿದ್ದರೆ ಯೂನಿಟ್ ಒಳಗಿನ ಕೆಪಾಸಿಟರ್ ತುಂಬುವಾಗ ಕಿಡಿ ಹಾರುತ್ತದೆ.

ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಸೀಲ್ಡ್ ಬ್ಯಾಟರಿ ಸುಮ್ನೆ ಇಟ್ಟರೂ ತಿಂಗಳಿಗೆ 3 ಶೇಕಡಾದಷ್ಟು ಚಾರ್ಜ್ ಕಳೆದುಕೊಳ್ಳುತ್ತದೆ, ಗೋದಾಮು ಬಿಸಿ ಇದ್ದರೆ ಇನ್ನೂ ಬೇಗ. ಆರು ತಿಂಗಳಿಗಿಂತ ಹೆಚ್ಚು ಚಾರ್ಜ್ ಇಲ್ಲದೆ ಕೂತಿದ್ದರೆ ನಾನು ತೆಗೆದುಕೊಳ್ಳುವುದಿಲ್ಲ. ಮೂರೂ ಒಂದೇ ಲಾಟಿನವು ಇರಲಿ.

ನಿರ್ವಹಣೆಯಲ್ಲಿ ಜನ ನಂಬಿ ಕೆಡುವುದು ವೋಲ್ಟೇಜನ್ನು. ಲೋಡ್ ಇಲ್ಲದೆ ಅಳೆದರೆ ಮುಗಿದುಹೋದ ಬ್ಯಾಟರಿಯೂ 12.8 ತೋರಿಸಬಹುದು. ಲೋಡ್ ಬಿದ್ದ ನಿಮಿಷದಲ್ಲಿ ಕುಸಿಯುತ್ತದೆ. ಒಟ್ಟು ವೋಲ್ಟೇಜ್ ಅಂತೂ ಇನ್ನೂ ಮೋಸ. ಒಂದು ಬ್ಯಾಟರಿಯಲ್ಲಿ ಒಂದು ಸೆಲ್ ಶಾರ್ಟ್ ಆಗಿದ್ದರೂ ಚಾರ್ಜರ್ ಒಟ್ಟು 40.9 ಅನ್ನೇ ಹಿಡಿದಿಡುತ್ತದೆ, ಆ ಒಂದರ ಕೊರತೆ ಉಳಿದ ಎರಡರ ತಲೆಗೆ ಬಂದು ಅವು ಓವರ್‌ಚಾರ್ಜ್ ಆಗುತ್ತವೆ. ಆದ್ದರಿಂದ ಒಂದೊಂದನ್ನೂ ಬೇರೆ ಬೇರೆ ಅಳೆಯಿರಿ. ಫ್ಲೋಟ್‌ನಲ್ಲಿ ಮೂರರ ನಡುವೆ ಅರ್ಧ ವೋಲ್ಟ್ ಅಂತರ ಬಂದರೆ ನನಗೆ ಅನುಮಾನ ಶುರು.

ಅದಕ್ಕಿಂತ ಕೆಲಸಕ್ಕೆ ಬರುವುದು ಕಂಡಕ್ಟೆನ್ಸ್ ಟೆಸ್ಟರ್, ಅಂದರೆ ಬ್ಯಾಟರಿಯೊಳಗೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುವ ಮೀಟರ್. ಹೊಸ ಬ್ಯಾಟರಿ ಕೆಲವು ದಿನ ಫ್ಲೋಟ್‌ನಲ್ಲಿದ್ದ ಮೇಲೆ ಮೊದಲ ಅಳತೆ ತೆಗೆದು ಬ್ಯಾಟರಿಯ ಮೇಲೇ ಮಾರ್ಕರ್‌ನಲ್ಲಿ ಬರೆಯುತ್ತೇನೆ, ದಿನಾಂಕದ ಜೊತೆ. ಮುಂದಿನ ಅಳತೆಗಳನ್ನು ಹೋಲಿಸುವುದು ಅದಕ್ಕೇ, ಬೇರೆ ಯಾವುದೋ ಪಟ್ಟಿಗೆ ಅಲ್ಲ. ಕರೆಂಟ್ ಹೋಗಿ ಬಂದ ಕೂಡಲೇ ಅಳೆಯಬೇಡಿ, ಪೂರ್ತಿ ತುಂಬಿ ಒಂದು ದಿನವಾದರೂ ಆಗಿರಲಿ. ಅಳತೆ ಶುರುವಿನದಕ್ಕಿಂತ ಚೆನ್ನಾಗಿ ಇಳಿದಿದೆ ಅನ್ನಿಸಿದರೆ ಆಗ ನಿಜವಾದ ಡಿಸ್ಚಾರ್ಜ್ ಪರೀಕ್ಷೆ. ಗೊತ್ತಿರುವ ಲೋಡ್ ಹಾಕಿ, ಬ್ಯಾಟರಿಗೆ 10.5 ವೋಲ್ಟ್, ಸೆಟ್‌ಗೆ 31.5 ಬರುವವರೆಗೆ ಓಡಿಸಿ. ಸಾಮರ್ಥ್ಯ ಹೇಳಿದ್ದರ 80 ಶೇಕಡಾಕ್ಕಿಂತ ಕಡಿಮೆ ಬಂದರೆ ಬದಲಾಯಿಸಬೇಕು ಅನ್ನುವುದು ಸೀಲ್ಡ್ ಸೀಸದ ಬ್ಯಾಟರಿಗಳ ನಿರ್ವಹಣೆಗಿರುವ ಐಇಇಇ 1188 ಮಾನದಂಡದ ಮಾತು. ಅಲ್ಲಿಂದ ಮುಂದೆ ಇಳಿಕೆ ಬೇಗ. ಬದಲಾಯಿಸುವಾಗ ಮೂರನ್ನೂ ಬದಲಾಯಿಸಿ. ಒಂದೇ ಹೊಸದು ಹಾಕಿದರೆ ಹಳೆಯವು ಅದನ್ನೂ ತಮ್ಮ ದಾರಿಗೆ ಎಳೆಯುತ್ತವೆ.

ಯೂನಿಟ್‌ನಲ್ಲೇ ಇರುವ ಸೆಲ್ಫ್ ಟೆಸ್ಟ್ ಬಗ್ಗೆ ಹೆಚ್ಚು ಭರವಸೆ ಬೇಡ. ಕೆಲವೇ ನಿಮಿಷ ಓಡುವ ಪರೀಕ್ಷೆ ತೀರಾ ಕೆಟ್ಟದ್ದನ್ನು ಹಿಡಿಯುತ್ತದೆ, ಅರ್ಧ ಜೀವದಲ್ಲಿರುವುದನ್ನು ಪಾಸ್ ಮಾಡಿಬಿಡುತ್ತದೆ.

ಇರುವೆ, ಕಣಜ, ಹಲ್ಲಿ ಇವು ಯಾವ ಕೈಪಿಡಿಯಲ್ಲೂ ಸರಿಯಾಗಿ ಇಲ್ಲ. ಬೆಚ್ಚಗಿನ ಜಾಗ, ಮಳೆ ಬೀಳುವುದಿಲ್ಲ, ಅವಕ್ಕೆ ಇನ್ನೇನು ಬೇಕು? ಕೆಲವರು ಬೇಸರಪಟ್ಟು ಗಾಳಿಕಿಂಡಿಗೆಲ್ಲ ಸಿಲಿಕೋನ್ ಬಡಿದು ಮುಚ್ಚಿಬಿಡುತ್ತಾರೆ. ದಯವಿಟ್ಟು ಬೇಡ. ಸೀಲ್ಡ್ ಬ್ಯಾಟರಿಯೂ ಓವರ್‌ಚಾರ್ಜ್ ಆದಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು 4 ಶೇಕಡಾ ಸೇರಿದರೆ ಒಂದು ಕಿಡಿ ಸಾಕು. ಕಿಂಡಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿ, ಬಾಗಿಲಿನ ರಬ್ಬರ್ ಸೀಳಿದ್ದರೆ ಬದಲಾಯಿಸಿ.

ಜೆಲ್ ಬಗ್ಗೆ ನನ್ನ ದೂರುಗಳೂ ಇವೆ. ಚಾರ್ಜಿಂಗ್ ವೋಲ್ಟೇಜ್ ವಿಷಯದಲ್ಲಿ ಇದು ತುಂಬಾ ಸೂಕ್ಷ್ಮ. ಹೆಚ್ಚಾದರೆ ಜೆಲ್ ಒಳಗೆ ಗುಳ್ಳೆ ಕಟ್ಟಿ ಆ ಜಾಗ ಮತ್ತೆ ಕೆಲಸ ಮಾಡುವುದಿಲ್ಲ. ಯೂನಿಟ್‌ನಲ್ಲಿ ಎಜಿಎಂ ಸೆಟ್ಟಿಂಗ್ ಹಾಗೇ ಬಿಟ್ಟು ಜೆಲ್ ಹಾಕುವವರೇ ಜಾಸ್ತಿ. ದೀರ್ಘ ಹೊತ್ತು ಕರೆಂಟ್ ಹೋದ ಮೇಲೆ ಮತ್ತೆ ತುಂಬಿಕೊಳ್ಳುವುದೂ ನಿಧಾನ. ದಿನಕ್ಕೆ ಹಲವು ಸಲ ಕರೆಂಟ್ ಹೋಗುವ ಜಾಗಕ್ಕೆ ಇದು ಅಷ್ಟು ಒಗ್ಗುವುದಿಲ್ಲ. ಇನ್ನು 100 ಎಎಚ್ ಅನ್ನುವುದು 20 ಗಂಟೆಯ ಲೆಕ್ಕ, ಅಂದರೆ 5 ಆಂಪಿಯರ್ ಲೋಡಿಗೆ. 20 ಆಂಪಿಯರ್ ಎಳೆದರೆ 5 ಗಂಟೆ ಸಿಗುವುದಿಲ್ಲ, ಸಾಕಷ್ಟು ಕಡಿಮೆಯೇ. ಇದು ಎಲ್ಲ ಸೀಸದ ಬ್ಯಾಟರಿಗೂ ಅನ್ವಯ, ಆದರೂ ಜಾಹೀರಾತು ಓದಿದವರಿಗೆ ಬೇಸರ ಆಗುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಹಾಕಬಹುದಲ್ಲ ಅಂತ ಕೇಳುತ್ತಾರೆ. ಹಗುರ, ಬಾಳಿಕೆ ಜಾಸ್ತಿ, ನಿಜ. ಆದರೆ ಬ್ಯಾಟರಿ ಮಾತ್ರ ಬದಲಾಯಿಸಿ ಹಳೆಯ ಚಾರ್ಜರ್ ಇಟ್ಟುಕೊಂಡರೆ ನಡೆಯುವುದಿಲ್ಲ. ಅದಕ್ಕೆ ಬೇರೆಯದೇ ವೋಲ್ಟೇಜ್ ಬೇಕು, ಸೀಸದ ಬ್ಯಾಟರಿಯ ತಾಪಮಾನದ ಲೆಕ್ಕ ಬೇಡ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳು. ಹಿಮ ಬೀಳುವ ಕಡೆ ಇರುವವರು ಅದನ್ನು ನೋಡಿಕೊಳ್ಳಬೇಕು. ಅಂಥ ಜಾಗದಲ್ಲಿ ಸೀಸದ್ದಾದರೂ ಖಾಲಿ ಬಿಡಬಾರದು, ಖಾಲಿಯಾದಾಗ ಒಳಗಿನ ಆ್ಯಸಿಡ್ ತೆಳುವಾಗಿ ಬೇಗ ಹೆಪ್ಪುಗಟ್ಟುತ್ತದೆ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಬಿಸಿಲಿಗೆ ನಿಂತ ಪೆಟ್ಟಿಗೆ, ಆಗೊಮ್ಮೆ ಈಗೊಮ್ಮೆ ಹೋಗುವ ಕರೆಂಟ್, ಜೆಲ್‌ಗೆ ಹೊಂದುವ ಚಾರ್ಜರ್ ಇದ್ದರೆ ತೆಗೆದುಕೊಳ್ಳಿ. ನೆರಳಿನ ಪೆಟ್ಟಿಗೆಗೆ ಎಜಿಎಂ ಸಾಕು, ಹೆಚ್ಚು ದುಡ್ಡು ಕೊಡುವ ಅಗತ್ಯ ಇಲ್ಲ. ನಮ್ಮ ಜೆಲ್ ಸೆಟ್‌ನಲ್ಲಿ ಮಧ್ಯದ ಬ್ಯಾಟರಿಯ ಕಂಡಕ್ಟೆನ್ಸ್ ಉಳಿದೆರಡಕ್ಕಿಂತ ಸ್ವಲ್ಪ ಜಾಸ್ತಿ ಇಳಿದಿದೆ. ಈ ಬೇಸಿಗೆ ಮುಗಿದ ಮೇಲೆ ಡಿಸ್ಚಾರ್ಜ್ ಪರೀಕ್ಷೆ ಇಟ್ಟುಕೊಂಡಿದ್ದೇನೆ, ಬಂದ ಅಂಕಿಯನ್ನು ಇದೇ ವಿಮರ್ಶೆಗೆ ಸೇರಿಸುತ್ತೇನೆ.